ಬಾಡಿಗೆಯಿಲ್ಲದ ಅಂಚೆಮನೆ

ಬೀದರ ಜಿಲ್ಲೆಯ ಬಸವಕಲ್ಯಾಣ-ಹುಮನಾಬಾದು ಸೀಮೆಯಲ್ಲಿ ಗೋರ್ಟಾ ಎಂಬುದೊಂದು ಗ್ರಾಮ. ಸರ್ಕಾರದ ಕಾಗದಪತ್ರಗಳಲ್ಲಿ ಅದು ಬರಿಯ ಗೋರ್ಟಾ ಅಲ್ಲ, ಗೋರ್ಟಾ (ಬಿ). ಈ ಭಾಗದಲ್ಲಿ ಹೀಗೆ ಹೆಸರಿನ ಬೆನ್ನಿಗೆ ಒಂದಕ್ಷರವನ್ನು ಕಟ್ಟಿಕೊಂಡ ಊರುಗಳು ಹಲವು. ಒಂದೇ ಹೆಸರಿನ ಎರಡು ಊರುಗಳು ಒಂದರೊಡನೊಂದು ಕಲೆತುಹೋಗದಿರಲೆಂದು ಇಂಥ ಗುರುತುಗಳು ಬಳಕೆಗೆ ಬಂದವು. ಅಕ್ಷರ ಒಂದೇ ಆದರೂ ಅದರ ಹೊಣೆ ದೊಡ್ಡದು. ಅದು ತಪ್ಪಿದರೆ ಪರೀಕ್ಷೆಯ ಪ್ರವೇಶಪತ್ರ ಮತ್ತೊಂದೂರಿನ ಜಗಲಿಯ ಮೇಲೆ ಬಿದ್ದಿರುತ್ತದೆ; ನೌಕರಿಯ ಕರೆ ಗಡುವು ಮುಗಿದ ಮೇಲೆ ಕೈ ಸೇರುತ್ತದೆ. ವಿಳಾಸವೆಂದರೆ ಲೋಕವು ಮನುಷ್ಯನನ್ನು ಹುಡುಕಿಕೊಂಡು ಬರುವ ದಾರಿ ಎಂಬುದನ್ನು ಈ ಸೀಮೆಯ ಜನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಂಥದೊಂದು ಊರಿನಿಂದ ಹೊರಟು ಬೀದರಿನಲ್ಲಿಯೋ ಭಾಲ್ಕಿಯಲ್ಲಿಯೋ ಕಲಬುರಗಿಯಲ್ಲಿಯೋ ಕಾಲೇಜು ಸೇರಿದ ವಿದ್ಯಾರ್ಥಿನಿಯೊಬ್ಬಳನ್ನು ಓದುಗರು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬಹುದು. ಪ್ರವೇಶದ ದಿನ ಅವಳಿಗೆ ಗುರುತಿನ ಚೀಟಿ ದೊರೆಯುತ್ತದೆ, ವೇಳಾಪಟ್ಟಿ ದೊರೆಯುತ್ತದೆ. ಅವುಗಳ ಜೊತೆಗೆ, ಅನೇಕ ಕಾಲೇಜುಗಳಲ್ಲಿ, ಇ-ಮೇಲಿನ ಒಂದು ವಿಳಾಸವೂ ದೊರೆಯುತ್ತದೆ. ವಿಳಾಸದ ಮೊದಲ ಅರ್ಧದಲ್ಲಿ ಅವಳ ಹೆಸರು, ಎರಡನೆಯ ಅರ್ಧದಲ್ಲಿ ಕಾಲೇಜಿನ ಹೆಸರು. ಅದನ್ನು ನೋಡಿದವರು ಆ ಅಂಚೆ ಕಾಲೇಜಿನದೇ ಎಂದು ಭಾವಿಸುವುದು ಸಹಜ. ಆದರೆ ಅವಳ ಕಾಗದಗಳು ಕಾಲೇಜಿನ ಯಾವ ಕೋಣೆಯಲ್ಲಿಯೂ ಇರುವುದಿಲ್ಲ. ಬಹುಮಟ್ಟಿಗೆ ಅವು ಗೂಗಲ್ ಅಥವಾ ಮೈಕ್ರೋಸಾಫ್ಟ್ ಎಂಬ ಎರಡು ಅಮೆರಿಕನ್ ಕಂಪೆನಿಗಳಲ್ಲೊಂದರ ಯಂತ್ರಾಗಾರದಲ್ಲಿ ಇರುತ್ತವೆ. ಅದಕ್ಕಾಗಿ ಕಾಲೇಜು ಒಂದು ಕಾಸನ್ನೂ ಕೊಟ್ಟಿರುವುದಿಲ್ಲ.

ಬಾಡಿಗೆಯಿಲ್ಲದೆ ದೊರೆತ ಮನೆಯಲ್ಲಿ ವಾಸಿಸುವುದು ಹಿತವೇ. ಆದರೆ ಕೀಲಿಕೈ ಯಾರ ಬಳಿ ಇದೆ, ಮನೆಯೊಡೆಯನಿಗೆ ಇದರಿಂದ ಏನು ಲಾಭ, ಖಾಲಿ ಮಾಡೆಂದ ದಿನ ಸಾಮಾನುಗಳ ಗತಿಯೇನು ಎಂಬ ಪ್ರಶ್ನೆಗಳನ್ನು ಗೃಹಸ್ಥನಾದವನು ಕೇಳದೆ ಇರಲಾರ. ಮಕ್ಕಳ ಅಂಚೆಮನೆಯ ವಿಷಯದಲ್ಲಿ ಈ ಪ್ರಶ್ನೆಗಳನ್ನು ಕೇಳಿದವರು ಬಹಳ ಕಡಿಮೆ.

ಅಂಚೆ ಕೈ ಬದಲಾಯಿಸಿದ ಕಥೆಗಳು

ಒಬ್ಬರ ಅಂಚೆಯನ್ನು ಮತ್ತೊಬ್ಬರು ಹೊತ್ತು ಸಾಗಿಸುವುದು ಕನ್ನಡನಾಡಿಗೆ ಹೊಸತಲ್ಲ. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ನೆಲೆಗೊಂಡ ಮೈಸೂರು ಅಂಚೆ ಎರಡು ಶತಮಾನಗಳ ಕಾಲ ಸಂಸ್ಥಾನದ ಸ್ವಂತ ವ್ಯವಸ್ಥೆಯಾಗಿದ್ದಿತು. ೧೮೮೯ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ವಿಲೀನವಾಯಿತು. ಆ ಹಳೆಯ ಅಂಚೆಯ ಬಗೆಗೆ ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಬರೆದಿಟ್ಟ ಒಂದು ಸಂಗತಿ ಇಂದಿಗೂ ಯೋಚನೆಗೆ ಹಚ್ಚುವಂಥದು. ಮೈಸೂರಿನ ಅಂಚೆ ಸುದ್ದಿಯನ್ನು ಸಾಗಿಸುವ ಸಾಧನವಷ್ಟೇ ಆಗಿರದೆ, ಸುದ್ದಿಯನ್ನು ಸಂಗ್ರಹಿಸುವ ಸಾಧನವೂ ಆಗಿದ್ದಿತೆಂದು ಆತ ಹೇಳುತ್ತಾನೆ. ಕಾಗದ ಹೊರುವವನಿಗೆ ಕಾಗದದೊಳಗಿನ ವಿಷಯದ ಮೇಲೂ ಕುತೂಹಲವಿರುವುದು ನಮ್ಮ ಕಾಲದ ಆವಿಷ್ಕಾರವಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಗೋರ್ಟಾದ ಕಡೆಯ ಕಥೆಯೇ ಬೇರೆ. ಆ ಪ್ರದೇಶ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದು, ನಿಜಾಮರಿಗೆ ಅವರದೇ ಅಂಚೆ ಇಲಾಖೆ, ಅವರದೇ ಅಂಚೆಚೀಟಿಗಳಿದ್ದವು. ೧೯೪೮ರ ಮೇ ತಿಂಗಳಲ್ಲಿ ರಜಾಕಾರರ ಕ್ರೌರ್ಯಕ್ಕೆ ಈ ಗ್ರಾಮ ಅನೇಕ ಜೀವಗಳನ್ನು ತೆತ್ತಿತು. ಆ ಹುತಾತ್ಮರ ಸ್ಮಾರಕ ೨೦೨೩ರಲ್ಲಿ ಅಲ್ಲಿ ಉದ್ಘಾಟನೆಯಾಯಿತು. ಅದೇ ೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದೊಡನೆ ಒಂದಾಯಿತು; ೧೯೫೦ರಲ್ಲಿ ನಿಜಾಮರ ಅಂಚೆ ಭಾರತದ ಅಂಚೆಯಲ್ಲಿ ಸೇರಿಹೋಯಿತು; ೧೯೫೬ರಲ್ಲಿ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಿತು. ಹತ್ತು ವರ್ಷಗಳೊಳಗೆ ಆಡಳಿತ ಬದಲಾಯಿತು, ಅಂಚೆಯ ಇಲಾಖೆ ಬದಲಾಯಿತು, ಚೀಟಿಯ ಮೇಲಿನ ಮುದ್ರೆ ಬದಲಾಯಿತು. ಆದರೆ ಊರಿನ ಹೆಸರು ಊರಿನದಾಗಿಯೇ ಉಳಿದಿತ್ತು. ಆದುದರಿಂದಲೇ ಕಾಗದಗಳು ದಾರಿ ತಪ್ಪಲಿಲ್ಲ. ಹೊರುವವನು ಬದಲಾಗಬಹುದು, ಹೆಸರು ಸ್ವಂತದ್ದಾಗಿರಬೇಕು ಎಂಬ ಈ ಸಣ್ಣ ಪಾಠ ಇ-ಮೇಲಿಗೂ ಅಕ್ಷರಶಃ ಅನ್ವಯಿಸುತ್ತದೆ.

ಸ್ವಂತ ಅಂಚೆಯಿಂದ ಧರ್ಮದ ಅಂಚೆಗೆ

ಭಾರತದಲ್ಲಿ ಇ-ಮೇಲು ಹುಟ್ಟಿದ್ದೇ ವಿದ್ಯಾಸಂಸ್ಥೆಗಳ ಅಂಗಳದಲ್ಲಿ. ೧೯೮೬ರಲ್ಲಿ ಭಾರತ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ‘ಅರ್ನೆಟ್’ ಎಂಬ ಶಿಕ್ಷಣ ಮತ್ತು ಸಂಶೋಧನಾ ಜಾಲವನ್ನು ಕೈಗೊಂಡಿತು. ಐದು ಐ.ಐ.ಟಿ.ಗಳು, ಮುಂಬಯಿಯ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರ, ದೆಹಲಿಯ ಇಲಾಖೆ, ಇವುಗಳೊಂದಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಅದರ ಮೊದಲ ಪಾಲುದಾರರಲ್ಲಿ ಒಂದಾಗಿದ್ದಿತು. ಸಾರ್ವಜನಿಕರಿಗೆ ಅಂತರ್ಜಾಲ ದೊರೆತದ್ದು ೧೯೯೫ರ ಆಗಸ್ಟ್ ೧೫ರಂದು. ಅದಕ್ಕೆ ಎಷ್ಟೋ ವರ್ಷ ಮೊದಲೇ ಬೆಂಗಳೂರಿನ ವಿಜ್ಞಾನಿಗಳು ತಮ್ಮ ಸಂಸ್ಥೆಯ ಯಂತ್ರಗಳಿಂದಲೇ ಹೊರದೇಶಗಳಿಗೆ ಪತ್ರ ಬರೆಯುತ್ತಿದ್ದರು. ಆಗ ಅಂಚೆಯೆಂದರೆ ಸಂಸ್ಥೆಯ ಸ್ವತ್ತು. ಅದನ್ನು ನಡೆಸುತ್ತಿದ್ದವರು ಅದೇ ಆವರಣದ ಎಂಜಿನಿಯರುಗಳು.

ಆದರೆ ಈ ಸೌಭಾಗ್ಯ ದೊಡ್ಡ ಸಂಸ್ಥೆಗಳಿಗಷ್ಟೇ ಸಂದಿತು. ಹಗಲಿರುಳೂ ನಡೆಯಬೇಕಾದ ಸರ್ವರ್ ಯಂತ್ರ, ತಡೆಯಿಲ್ಲದ ವಿದ್ಯುತ್ತು, ಕೆಟ್ಟರೆ ಮಧ್ಯರಾತ್ರಿಯಲ್ಲಿ ಎದ್ದುಬರುವ ನಿಪುಣ, ಪ್ರವಾಹದಂತೆ ನುಗ್ಗುವ ಕಸದ ಪತ್ರಗಳನ್ನು ಸೋಸುವ ಜರಡಿ ಇವೆಲ್ಲವೂ ಬೇಕಾದ ಆ ವ್ಯವಸ್ಥೆ ಕಲ್ಯಾಣ ಕರ್ನಾಟಕದ ಸಣ್ಣ ಕಾಲೇಜೊಂದಕ್ಕೆ ಎಟುಕುವಂಥದಾಗಿರಲಿಲ್ಲ. ಪ್ರಯೋಗಾಲಯಕ್ಕೆ ಸೂಕ್ಷ್ಮದರ್ಶಕ ಕೊಳ್ಳಲೋ ಅಂಚೆಯ ಯಂತ್ರ ಕೊಳ್ಳಲೋ ಎಂಬ ಪ್ರಶ್ನೆ ಬಂದಾಗ ಯಾವ ಪ್ರಾಂಶುಪಾಲರೂ ಎರಡನೆಯದನ್ನು ಆರಿಸಲಾರರು.

ಈ ಕೊರತೆಯನ್ನು ತುಂಬಿದ್ದು ಉಚಿತ ಅಂಚೆ. ಬೆಂಗಳೂರಿನಲ್ಲಿ ಶಾಲೆ ಕಲಿತು ಅಮೆರಿಕಕ್ಕೆ ಹೋದ ಸಬೀರ್ ಭಾಟಿಯಾ ತಮ್ಮ ಸಂಗಡಿಗ ಜ್ಯಾಕ್ ಸ್ಮಿತ್‌ರೊಡನೆ ೧೯೯೬ರ ಜುಲೈ ೪ರಂದು ‘ಹಾಟ್‌ಮೇಲ್’ ಆರಂಭಿಸಿದರು. ಯಾವ ಕಂಪ್ಯೂಟರಿನಿಂದಾದರೂ ತೆರೆಯಬಹುದಾದ, ಹಣ ಕೊಡಬೇಕಾಗಿಲ್ಲದ ಆ ಅಂಚೆಪೆಟ್ಟಿಗೆಯನ್ನು ಒಂದೂವರೆ ವರ್ಷದಲ್ಲಿ ಮೈಕ್ರೋಸಾಫ್ಟ್ ಸುಮಾರು ೪೦ ಕೋಟಿ ಡಾಲರುಗಳಿಗೆ ಕೊಂಡಿತು. ೨೦೦೪ರ ಏಪ್ರಿಲ್ ೧ರಂದು ಗೂಗಲ್ ತನ್ನ ‘ಜೀಮೇಲ್’ ಅನ್ನು ಪ್ರಕಟಿಸಿ ಪ್ರತಿಯೊಬ್ಬರಿಗೂ ಒಂದು ಗಿಗಾಬೈಟ್ ಜಾಗ ಕೊಡುವುದಾಗಿ ಹೇಳಿದಾಗ, ಎರಡು ಮೆಗಾಬೈಟಿನ ಪೆಟ್ಟಿಗೆಗಳಿಗೆ ಒಗ್ಗಿದ್ದ ಜನ ಅದನ್ನು ಮೂರ್ಖರ ದಿನದ ಹಾಸ್ಯವೆಂದೇ ಬಗೆದರು. ಅದು ಹಾಸ್ಯವಾಗಿರಲಿಲ್ಲ.

ತರುವಾಯ ಕಂಪೆನಿಗಳ ಕಣ್ಣು ಕಾಲೇಜುಗಳ ಮೇಲೆ ಬಿದ್ದಿತು. ೨೦೦೫ರಲ್ಲಿ ಮೈಕ್ರೋಸಾಫ್ಟ್ ‘ಲೈವ್ ಅಟ್ ಎಡು’ ಎಂಬ ಹೆಸರಿನಿಂದ ವಿದ್ಯಾಸಂಸ್ಥೆಗಳಿಗೆ ಉಚಿತ ಅಂಚೆ ನೀಡತೊಡಗಿತು. ೨೦೦೬ರಲ್ಲಿ ಅಮೆರಿಕದ ಅರಿಜೋನಾ ರಾಜ್ಯ ವಿಶ್ವವಿದ್ಯಾಲಯ ತನ್ನ ಸುಮಾರು ೬೫,೦೦೦ ವಿದ್ಯಾರ್ಥಿಗಳಿಗೆ ಗೂಗಲಿನ ಅಂಚೆಯನ್ನು ತೆರೆದಿತು. ಕೆಲವೇ ವರ್ಷಗಳಲ್ಲಿ ನೂರಾರು ವಿಶ್ವವಿದ್ಯಾಲಯಗಳು ಅದೇ ಹಾದಿ ಹಿಡಿದವು.

ಭಾರತದಲ್ಲಿ ಇದರ ದೊಡ್ಡ ಹೆಜ್ಜೆ ಬಿದ್ದದ್ದು ೨೦೧೨ರ ಏಪ್ರಿಲಿನಲ್ಲಿ. ದೇಶದ ಎಂಜಿನಿಯರಿಂಗ್ ಮತ್ತು ತಾಂತ್ರಿಕ ಕಾಲೇಜುಗಳಿಗೆ ಮಾನ್ಯತೆ ನೀಡುವ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು, ತನ್ನ ಅಧೀನದ ೧೦,೦೦೦ಕ್ಕೂ ಹೆಚ್ಚಿನ ಕಾಲೇಜುಗಳಿಗೆ ಮೈಕ್ರೋಸಾಫ್ಟಿನ ಈ ಉಚಿತ ಸೇವೆಯನ್ನು ಒದಗಿಸುವುದಾಗಿ ಪ್ರಕಟಿಸಿತು. ಸುಮಾರು ೭೦ ಲಕ್ಷ ವಿದ್ಯಾರ್ಥಿಗಳು, ೫ ಲಕ್ಷ ಅಧ್ಯಾಪಕರು ಇದರ ವ್ಯಾಪ್ತಿಗೆ ಬರುವರೆಂದು ಹೇಳಲಾಯಿತು. ಬೆಂಗಳೂರಿನ ಹೆಸರಾಂತ ಕಾಲೇಜಿಗೂ ಗಡಿ ಜಿಲ್ಲೆಯ ಗ್ರಾಮೀಣ ಕಾಲೇಜಿಗೂ ಒಂದೇ ಬಗೆಯ ಅಂಚೆ! ಸಮಾನತೆಯ ದೃಷ್ಟಿಯಿಂದ ಇದು ಸಣ್ಣ ಮಾತಲ್ಲ. ಆದರೆ ಕೆಲವೇ ತಿಂಗಳುಗಳಲ್ಲಿ ಕಂಪೆನಿಯು ಆ ಹೆಸರಿನ ಸೇವೆಯ ಸ್ಥಾನದಲ್ಲಿ ‘ಆಫೀಸ್ ೩೬೫’ ಎಂಬ ಮತ್ತೊಂದನ್ನು ತಂದಿತು. ಅತಿಥಿಯಾಗಿ ಹೋದವನು ಊಟದ ಪಟ್ಟಿಯನ್ನು ನಿರ್ಧರಿಸಲಾರನೆಂಬುದಕ್ಕೆ ಇದೊಂದು ಮೊದಲ ಸೂಚನೆ.

೨೦೨೦ರ ಮಾರ್ಚಿನಲ್ಲಿ ಸಾಂಕ್ರಾಮಿಕದ ಕಾರಣ ಕಾಲೇಜುಗಳ ಬಾಗಿಲು ಮುಚ್ಚಿದಾಗ, ಪಾಠವೇ ಪರದೆಯ ಮೇಲೆ ನಡೆಯಬೇಕಾಯಿತು. ಅಲ್ಲಿಯವರೆಗೆ ಹಿಂಜರಿದಿದ್ದ ಸಂಸ್ಥೆಗಳೂ ಆಗ ಇಂಥ ಖಾತೆಗಳನ್ನು ಅವಸರದಿಂದ ತೆರೆದವು. ಅಂಚೆಯೊಂದಿಗೆ ತರಗತಿ, ಟಿಪ್ಪಣಿ, ಪರೀಕ್ಷೆ ಎಲ್ಲವೂ ಒಂದೇ ಸೂರಿನಡಿ ಸೇರಿಕೊಂಡವು. ಇಂದು ಭಾರತೀಯ ವಿಜ್ಞಾನ ಸಂಸ್ಥೆಯಂಥ ಹಿರಿಯ ಸಂಸ್ಥೆಯ ಅಂಚೆಯೂ ಮೈಕ್ರೋಸಾಫ್ಟಿನ ವ್ಯವಸ್ಥೆಯಲ್ಲಿಯೇ ನಡೆಯುತ್ತಿದೆ.

ಹೆಸರು ಒಬ್ಬರದು, ಮನೆ ಒಬ್ಬರದು

ಇದು ನಡೆಯುವ ಬಗೆ ಸರಳವಾಗಿದೆ. ಕಾಲೇಜು ಅಂತರ್ಜಾಲದಲ್ಲಿ ತನ್ನದೊಂದು ಹೆಸರನ್ನು ನೋಂದಾಯಿಸಿಕೊಳ್ಳುತ್ತದೆ. ಭಾರತದ ವಿದ್ಯಾಸಂಸ್ಥೆಗಳಿಗೆ ಮೀಸಲಾದ ‘ಎಸಿ ಡಾಟ್ ಇನ್’, ‘ಇಡಿಯು ಡಾಟ್ ಇನ್’ ಎಂಬ ಕೊನೆಯುಳ್ಳ ಹೆಸರುಗಳನ್ನು ಇಂದಿಗೂ ಅದೇ ಅರ್ನೆಟ್ ಸಂಸ್ಥೆ ಕೊಡುತ್ತದೆ. ಆ ಹೆಸರಿನ ಜೊತೆಗೆ ಅಂತರ್ಜಾಲದ ಸಾರ್ವಜನಿಕ ದಾಖಲೆಯಲ್ಲಿ ಒಂದು ಸಾಲನ್ನು ಬರೆಯಬೇಕಾಗುತ್ತದೆ: ಈ ಹೆಸರಿಗೆ ಬಂದ ಪತ್ರಗಳನ್ನು ಇಂಥ ಯಂತ್ರಕ್ಕೆ ತಲುಪಿಸತಕ್ಕದ್ದು ಎಂದು. ಆ ಸಾಲಿನಲ್ಲಿ ಕಾಲೇಜಿನ ಸ್ವಂತ ಯಂತ್ರದ ಬದಲು ಕಂಪೆನಿಯ ಯಂತ್ರವನ್ನು ಸೂಚಿಸಿದರಾಯಿತು. ಜಗತ್ತಿನ ಯಾವ ಮೂಲೆಯಿಂದ ಬಂದ ಪತ್ರವೂ ಕಂಪೆನಿಯ ಮನೆಗೆ ಹೋಗಿ ಇಳಿಯುತ್ತದೆ. ನಾಳೆ ಕಾಲೇಜು ಮನಸ್ಸು ಬದಲಾಯಿಸಿದರೆ ಅದೇ ಸಾಲನ್ನು ತಿದ್ದಿ ಬೇರೊಂದು ಮನೆಗೆ ಹೋಗಬಹುದು. ವಿದ್ಯಾರ್ಥಿಗಳ ವಿಳಾಸ ಬದಲಾಗುವುದಿಲ್ಲ. ನಿಜಾಮರ ಅಂಚೆ ಹೋಗಿ ಭಾರತದ ಅಂಚೆ ಬಂದಾಗ ಗೋರ್ಟಾದ ಹೆಸರು ಬದಲಾಗದಿದ್ದಂತೆಯೇ ಇದು.

ವಿಷಾದದ ಸಂಗತಿಯೆಂದರೆ, ಸ್ವಂತ ಹೆಸರಿಲ್ಲದ ವಿದ್ಯಾಸಂಸ್ಥೆಗಳೂ ಇವೆ. ಅವುಗಳ ಕಚೇರಿಯ ವಿಳಾಸವೇ ಯಾರು ಬೇಕಾದರೂ ತೆರೆಯಬಹುದಾದ ಸಾಮಾನ್ಯ ಜೀಮೇಲ್ ಖಾತೆ. ಅಂಥ ಖಾತೆಯ ಗುಪ್ತಪದವನ್ನು ಬಲ್ಲ ಗುಮಾಸ್ತರು ನಿವೃತ್ತರಾದರೆ, ಅಥವಾ ಅದಕ್ಕೆ ಜೋಡಿಸಿದ ದೂರವಾಣಿಯ ಸಂಖ್ಯೆ ರದ್ದಾದರೆ, ವರ್ಷಗಳ ಪತ್ರವ್ಯವಹಾರ ಒಂದು ಬೀಗದ ಹಿಂದೆ ಉಳಿದುಹೋಗುತ್ತದೆ. ಮನೆ ಎರವಲಾದರೆ ಸಹಿಸಬಹುದು. ಹೆಸರೂ ಎರವಲಾದರೆ ಉಳಿಯುವುದೇನು?

ಉಚಿತದ ಬೆಲೆ

ಕಂಪೆನಿಗಳು ಧರ್ಮಛತ್ರ ನಡೆಸುತ್ತಿಲ್ಲವೆಂಬುದನ್ನು ಅವುಗಳೇ ಅಲ್ಲಗಳೆಯುವುದಿಲ್ಲ. ವಿದ್ಯಾರ್ಥಿ ಇಂದು ಯಾವ ಉಪಕರಣದಲ್ಲಿ ಕೈ ಪಳಗಿಸಿಕೊಳ್ಳುತ್ತಾನೋ ನಾಳೆ ಉದ್ಯೋಗದಲ್ಲಿ ಅದನ್ನೇ ಬಯಸುತ್ತಾನೆ. ಆಗ ಅವನ ಕಚೇರಿ ಅದಕ್ಕೆ ಹಣ ತೆರುತ್ತದೆ. ಇದು ಮೊದಲನೆಯ ಲಾಭ. ಇದರಲ್ಲಿ ಗುಟ್ಟೇನೂ ಇಲ್ಲ, ದೋಷವೂ ಹೆಚ್ಚಿಲ್ಲ.

ಎರಡನೆಯದು ಸೂಕ್ಷ್ಮವಾದುದು. ಜೀಮೇಲ್ ತನ್ನ ಸಾಮಾನ್ಯ ಬಳಕೆದಾರರ ಪತ್ರಗಳನ್ನು ಯಂತ್ರದ ಮೂಲಕ ಶೋಧಿಸಿ ಅದಕ್ಕೊಪ್ಪುವ ಜಾಹೀರಾತು ತೋರಿಸುತ್ತಿದ್ದುದು ಬಹಿರಂಗವಾದ ವಿಷಯವೇ. ಶಿಕ್ಷಣ ಸಂಸ್ಥೆಗಳ ಖಾತೆಗಳಲ್ಲಿ ಜಾಹೀರಾತು ಕಾಣಿಸುತ್ತಿರಲಿಲ್ಲವಾದ್ದರಿಂದ ಅಲ್ಲಿ ಶೋಧನೆಯೂ ಇಲ್ಲವೆಂದು ಜನ ನಂಬಿದ್ದರು. ಕ್ಯಾಲಿಫೋರ್ನಿಯಾದ ನ್ಯಾಯಾಲಯದಲ್ಲಿ ಗೂಗಲಿನ ವಿರುದ್ಧ ನಡೆದ ವ್ಯಾಜ್ಯದಲ್ಲಿ ವಿದ್ಯಾರ್ಥಿಗಳ ಪತ್ರಗಳೂ ಯಂತ್ರದ ಕಣ್ಣಿಗೆ ಬೀಳುತ್ತಿದ್ದ ಸಂಗತಿ ಚರ್ಚೆಗೆ ಬಂದಿತು. ೨೦೧೪ರ ಏಪ್ರಿಲ್ ಕೊನೆಯಲ್ಲಿ ಗೂಗಲ್ ಶಿಕ್ಷಣದ ಖಾತೆಗಳಲ್ಲಿ ಜಾಹೀರಾತಿನ ಉದ್ದೇಶದ ಶೋಧನೆಯನ್ನು ಸಂಪೂರ್ಣವಾಗಿ ನಿಲ್ಲಿಸಿರುವುದಾಗಿ ಪ್ರಕಟಿಸಿತು. ೨೦೧೭ರಲ್ಲಿ ಸಾಮಾನ್ಯ ಬಳಕೆದಾರರ ಪತ್ರಗಳ ವಿಷಯದಲ್ಲಿಯೂ ಅದೇ ನಿರ್ಧಾರ ಕೈಗೊಂಡಿತು. ಅಭ್ಯಾಸ ತಪ್ಪಿದ್ದು ಒಳ್ಳೆಯದೇ. ಆದರೆ ಅದು ತಪ್ಪಿದ್ದು ಕಾಲೇಜುಗಳು ಒಪ್ಪಂದವನ್ನು ಎಚ್ಚರದಿಂದ ಓದಿದ್ದರಿಂದಲ್ಲ, ಯಾರೋ ನ್ಯಾಯಾಲಯದ ಕಟ್ಟೆ ಹತ್ತಿದ್ದರಿಂದ ಎಂಬುದನ್ನು ಮರೆಯಲಾಗದು. ಪರರ ಕಾಗದವನ್ನು ಒಡೆದು ನೋಡಿದ ಅಂಚೆ ನೌಕರನಿಗೆ ೧೮೯೮ರ ಭಾರತೀಯ ಅಂಚೆ ಕಚೇರಿ ಅಧಿನಿಯಮ ಸೆರೆವಾಸದ ಶಿಕ್ಷೆಯನ್ನು ವಿಧಿಸಿದ್ದಿತು. ನೂರು ವರ್ಷಕ್ಕೂ ಹೆಚ್ಚು ಕಾಲ ಆ ಭಯದಲ್ಲಿ ಭದ್ರವಾಗಿದ್ದ ಲಕೋಟೆಗೂ, ಒಪ್ಪಂದದ ಒಂದು ವಾಕ್ಯವನ್ನೇ ನಂಬಿಕೊಂಡ ಇ-ಮೇಲಿಗೂ ಎಷ್ಟೊಂದು ಅಂತರ!

ಮೂರನೆಯದು, ದಾನಿಯ ಮನಸ್ಸು ಬದಲಾಗುವುದು. ಶಿಕ್ಷಣ ಸಂಸ್ಥೆಗಳಿಗೆ ಮಿತಿಯಿಲ್ಲದ ಜಾಗ ಕೊಡುತ್ತಿದ್ದ ಗೂಗಲ್ ೨೦೨೧ರ ಫೆಬ್ರವರಿಯಲ್ಲಿ ಹೊಸ ಕಟ್ಟಳೆಯನ್ನು ಪ್ರಕಟಿಸಿತು: ಇನ್ನು ಮುಂದೆ ಪ್ರತಿ ಸಂಸ್ಥೆಗೂ ಒಟ್ಟು ೧೦೦ ಟೆರಾಬೈಟ್ ಮಾತ್ರ. ೨೦೨೨ರ ಜುಲೈಯಿಂದ ಹಳೆಯ ಸಂಸ್ಥೆಗಳಿಗೂ ಇದು ಅನ್ವಯಿಸಿತು. ೨೦೨೪ರ ಆಗಸ್ಟಿನಿಂದ ಮೈಕ್ರೋಸಾಫ್ಟ್ ಕೂಡ ತನ್ನ ಉಚಿತ ಯೋಜನೆಗೆ ಅದೇ ಪ್ರಮಾಣದ ಮಿತಿಯನ್ನು ತರತೊಡಗಿತು. ಲೆಕ್ಕ ಹಾಕಿ ನೋಡಿದರೆ ಇದರ ಅರ್ಥ ತಿಳಿಯುತ್ತದೆ. ಸಾವಿರ ವಿದ್ಯಾರ್ಥಿಗಳಿರುವ ಕಾಲೇಜಿಗೆ ತಲೆಗೆ ೧೦೦ ಗಿಗಾಬೈಟ್, ಅದು ಧಾರಾಳ. ಐವತ್ತು ಸಾವಿರ ಜನರ ವಿಶ್ವವಿದ್ಯಾಲಯಕ್ಕೆ ತಲೆಗೆ ಎರಡೇ ಗಿಗಾಬೈಟ್. ಅದು ಅಂಚೆಗೆ, ಟಿಪ್ಪಣಿಗೆ, ಚಿತ್ರಗಳಿಗೆ, ಪಾಠದ ಮುದ್ರಿಕೆಗಳಿಗೆ ಎಲ್ಲಕ್ಕೂ ಸೇರಿ. ಇದರ ಪರಿಣಾಮವಾಗಿ ಹಲವು ದೇಶಗಳ ವಿಶ್ವವಿದ್ಯಾಲಯಗಳು ಹಳೆಯ ವಿದ್ಯಾರ್ಥಿಗಳ ಖಾತೆಗಳನ್ನು ಕುಗ್ಗಿಸಿದವು, ಕೆಲವು ಮುಚ್ಚಿಯೇಬಿಟ್ಟವು. ಜೀವಮಾನದ ಅಂಚೆಯೆಂದು ನಂಬಿದ್ದವರ ಕೈಗೆ ಕೊನೆಯ ದಿನಾಂಕವಿದ್ದ ಸೂಚನಾಪತ್ರ ಬಂದಿತು.

ದೊಡ್ಡವರ ಕಾಗದ, ಚಿಕ್ಕವರ ಕಾಗದ

ಈ ವಿಷಯದಲ್ಲಿ ಗಮನಿಸತಕ್ಕ ಸೋಜಿಗವೊಂದುಂಟು. ೨೦೧೦ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆ, ಅಧ್ಯಾಪಕರ ಮತ್ತು ಸಿಬ್ಬಂದಿಯ ಅಂಚೆಯನ್ನು ಗೂಗಲಿಗೆ ಒಪ್ಪಿಸುವ ಪ್ರಯೋಗವನ್ನು ಗೋಪ್ಯತೆಯ ಸಂಶಯದಿಂದ ಕೈಬಿಟ್ಟಿತು. ಆದರೆ ಅದೇ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಅಂಚೆ ಅದಕ್ಕೆ ಮೊದಲೇ ಗೂಗಲಿನ ಬಳಿ ಇದ್ದು, ಅಲ್ಲಿಯೇ ಮುಂದುವರಿಯಿತು. ಕೆನಡಾದ ಲೇಕ್‌ಹೆಡ್ ವಿಶ್ವವಿದ್ಯಾಲಯ ೨೦೦೬ರಲ್ಲಿ ಗೂಗಲಿನ ಕಡೆಗೆ ಹೊರಳಿದಾಗ, ಅಮೆರಿಕದ ಸರ್ಕಾರ ತಮ್ಮ ಪತ್ರಗಳನ್ನು ನೋಡಬಹುದೆಂದು ಅಧ್ಯಾಪಕರ ಸಂಘ ತಕರಾರು ಹೂಡಿತು. ೨೦೦೯ರಲ್ಲಿ ಪಂಚಾಯತಿದಾರರ ತೀರ್ಪು ವಿಶ್ವವಿದ್ಯಾಲಯದ ಪರವಾಯಿತು. ಸೋತರೂ ಅಧ್ಯಾಪಕರಿಗೆ ದೂರು ಹೇಳಿಕೊಳ್ಳಲು ಸಂಘವೊಂದಿದ್ದಿತು. ವಿದ್ಯಾರ್ಥಿಗೆ ಯಾರಿದ್ದಾರೆ?

ಭಾರತದಲ್ಲಿಯೂ ಇದೇ ಚಿತ್ರ. ೨೦೧೫ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ತನ್ನ ಇ-ಮೇಲ್ ನೀತಿಯನ್ನು ಪ್ರಕಟಿಸಿ, ಅಧಿಕಾರಿಗಳು ಸರ್ಕಾರಿ ವ್ಯವಹಾರಕ್ಕೆ ಹೊರಗಿನ ಖಾಸಗಿ ಅಂಚೆಯನ್ನು ಬಳಸಕೂಡದೆಂದು ವಿಧಿಸಿತು. ಈಚೆಗೆ ಸರ್ಕಾರದ ಅಂಚೆಯ ವೇದಿಕೆಯನ್ನು ತಮಿಳುನಾಡಿನ ಜೋಹೋ ಕಂಪೆನಿ ಒದಗಿಸುತ್ತಿದೆಯಾದರೂ, ಅದು ಗುತ್ತಿಗೆಯ ಕರಾರಿಗೆ ಒಳಪಟ್ಟ ಸೇವೆ, ಹೆಸರು ಸರ್ಕಾರದ್ದೇ. ಅಧಿಕಾರಿಯ ಕಡತಕ್ಕೆ ಇಷ್ಟು ಕಾವಲಿದ್ದರೆ, ಅದೇ ದೇಶದ ವಿದ್ಯಾರ್ಥಿಯ ಅಂಕಪಟ್ಟಿ, ಶುಲ್ಕ ವಿನಾಯಿತಿಯ ಅರ್ಜಿ, ಅಧ್ಯಾಪಕರಿಗೆ ಅವನು ಬರೆದ ಕಷ್ಟದ ಮಾತು ಉಚಿತ ಅಂಚೆಯಲ್ಲಿ ಓಡಾಡುತ್ತವೆ. ಹದಿನೆಂಟರ ತರುಣಿಯ ಕಾಗದ ಅಧಿಕಾರಿಯ ಕಾಗದಕ್ಕಿಂತ ಹಗುರವೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಪದವಿಪೂರ್ವ ಕಾಲೇಜಿನವರಂತೂ ಹದಿನೆಂಟೂ ತುಂಬದವರು. ೨೦೨೩ರ ಆಗಸ್ಟಿನಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ ಅವರನ್ನು ಮಕ್ಕಳೆಂದೇ ಪರಿಗಣಿಸುತ್ತದೆ. ಅವರ ವಿವರಗಳನ್ನು ಬಳಸಲು ತಂದೆತಾಯಿಗಳ ಒಪ್ಪಿಗೆ ಬೇಕೆಂದೂ, ಅವರನ್ನು ಗುರಿಯಾಗಿಟ್ಟ ಜಾಹೀರಾತು ಕೂಡದೆಂದೂ ಅದು ಹೇಳುತ್ತದೆ. ಅದರ ನಿಯಮಗಳು ೨೦೨೫ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಕಟ್ಟಳೆಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶವಿದೆ. ವಿದ್ಯಾಸಂಸ್ಥೆಗಳಿಗೆ ಕೆಲವು ವಿನಾಯಿತಿಗಳೂ ಇವೆ. ಕಾನೂನು ದಾರಿ ತೋರಿಸಬಹುದು. ನಡೆಯಬೇಕಾದವರು ಮನೆಯವರೂ ಕಾಲೇಜಿನವರೂ.

ಹಾಗೆಂದು ಉಚಿತ ಅಂಚೆಯನ್ನು ದೂರುವುದು ನ್ಯಾಯವಲ್ಲ. ಗಡಿ ಜಿಲ್ಲೆಯ ಕಾಲೇಜು ತಾನೇ ಸರ್ವರ್ ನಡೆಸಿದ್ದರೆ, ಆ ಕಾಗದಗಳು ಕಂಪೆನಿಯ ಮನೆಯಲ್ಲಿರುವುದಕ್ಕಿಂತ ಭದ್ರವಾಗಿರುತ್ತಿದ್ದವೆಂದು ಹೇಳಲಾಗದು. ಕಳ್ಳರಿಗೆ ಅಲ್ಲಿ ಬಾಗಿಲು ಇನ್ನೂ ಸಡಿಲವಾಗಿ ಸಿಕ್ಕುತ್ತಿದ್ದಿತು. ಕಾಲೇಜಿನ ಖಾತೆಗೆ ಇನ್ನೊಂದು ಗುಣವೂ ಉಂಟು. ಸಾಮಾನ್ಯ ಖಾತೆಯ ಗುಪ್ತಪದ ಮರೆತರೆ, ಜೋಡಿಸಿದ ಸಂಖ್ಯೆ ಬದಲಾಗಿದ್ದರೆ, ಹೋಗಿ ಕೇಳಲು ಒಂದು ಗವಾಕ್ಷಿಯೂ ಇಲ್ಲ. ಕಾಲೇಜಿನ ಖಾತೆಯಾದರೆ ಅದನ್ನು ನೋಡಿಕೊಳ್ಳುವ ಉಪನ್ಯಾಸಕರ ಕೋಣೆಗೆ ಹೋಗಿ ಗುರುತಿನ ಚೀಟಿ ತೋರಿಸಿದರೆ ಹತ್ತು ನಿಮಿಷದಲ್ಲಿ ಕೆಲಸವಾಗುತ್ತದೆ. ಮನೆಗೊಂದೇ ಫೋನು ಇರುವ ಹಳ್ಳಿಯ ಮಕ್ಕಳಿಗೆ ಇದು ದೊಡ್ಡ ಆಸರೆ. ಆದುದರಿಂದ ಪ್ರಶ್ನೆ ಉಚಿತ ಅಂಚೆ ಬೇಕೋ ಬೇಡವೋ ಎಂಬುದಲ್ಲ. ಯಾವ ಎಚ್ಚರದೊಡನೆ ಬೇಕು ಎಂಬುದು.

ಹೊರಡುವ ದಿನದ ಸಿದ್ಧತೆ

ಮೂರೋ ನಾಲ್ಕೋ ವರ್ಷಗಳ ತರುವಾಯ ಆ ವಿದ್ಯಾರ್ಥಿನಿ ಪದವಿ ಪಡೆದು ಹೊರಡುತ್ತಾಳೆ. ಅಷ್ಟರಲ್ಲಿ ಆ ಒಂದು ವಿಳಾಸಕ್ಕೆ ಎಷ್ಟೊಂದು ಬೇರುಗಳು ಬಿಟ್ಟಿರುತ್ತವೆ! ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷಾ ಶುಲ್ಕದ ರಸೀದಿ, ಬ್ಯಾಂಕಿನ ಸೂಚನೆ, ಉದ್ಯೋಗದ ಅರ್ಜಿಗಳು, ಗುರುಗಳು ಬರೆದುಕೊಟ್ಟ ಶಿಫಾರಸು, ಗೆಳತಿಯರ ಕಾಗದ ಎಲ್ಲವೂ ಅಲ್ಲಿಯೇ. ಹೊಸ ವಿದ್ಯಾರ್ಥಿಗಳಿಗೆ ಜಾಗ ಮಾಡಿಕೊಡಲು ಕಾಲೇಜು ಹಳೆಯ ಖಾತೆಗಳನ್ನು ಅಳಿಸಿದ ದಿನ, ನೌಕರಿಯ ಕರೆಪತ್ರವೊಂದು ಅದೇ ವಿಳಾಸಕ್ಕೆ ಹೊರಟಿದ್ದರೆ ಅದು ಎಲ್ಲಿಗೆ ತಲುಪಬೇಕು? ಹಳೆಯ ಕಾಲದಲ್ಲಿ ಮನೆ ಬದಲಾಯಿಸಿದವರು ಅಂಚೆಯಣ್ಣನಿಗೆ ಒಂದು ಮಾತು ಹೇಳಿ ಹೋಗುತ್ತಿದ್ದರು. ಕಾಗದ ಹೊಸ ವಿಳಾಸಕ್ಕೆ ತಿರುಗಿ ಬರುತ್ತಿದ್ದಿತು. ಅಳಿಸಿದ ಖಾತೆಗೆ ಬಂದ ಪತ್ರಕ್ಕೆ ಅಂಥ ಭಾಗ್ಯವಿಲ್ಲ.

ಆದ ಕಾರಣ ಮಕ್ಕಳನ್ನು ಕಾಲೇಜಿಗೆ ಸೇರಿಸುವ ತಂದೆತಾಯಿಗಳು ಶುಲ್ಕ, ವಸತಿ, ಊಟಗಳ ವಿಚಾರಣೆಯೊಂದಿಗೆ ನಾಲ್ಕು ಮಾತನ್ನು ಕೇಳಿಡುವುದು ಒಳಿತು. ಅಂಚೆ ಯಾವ ಕಂಪೆನಿಯ ಬಳಿ ಇದೆ, ಹೆಸರು ಕಾಲೇಜಿನ ಸ್ವಂತದ್ದೇ? ಪತ್ರಗಳನ್ನು ಯಾರು, ಯಾವ ಸಂದರ್ಭದಲ್ಲಿ ತೆರೆದು ನೋಡಬಹುದು? ಪದವಿ ಮುಗಿದ ಮೇಲೆ ಖಾತೆ ಎಷ್ಟು ತಿಂಗಳು ಉಳಿಯುತ್ತದೆ? ಮುಚ್ಚುವ ಮೊದಲು ಎಷ್ಟು ದಿನದ ಸೂಚನೆ ಕೊಡುತ್ತಾರೆ? ಉತ್ತರ ಗೊತ್ತಿಲ್ಲದ ಕಾಲೇಜು ಪ್ರಶ್ನೆಯ ನೆಪದಿಂದಲಾದರೂ ಉತ್ತರವನ್ನು ಹುಡುಕುವಂತಾಗುತ್ತದೆ.

ವಿದ್ಯಾರ್ಥಿಯ ಪಾಲಿನ ಕರ್ತವ್ಯವೂ ಉಂಟು. ಕಾಲೇಜಿನ ಕೆಲಸಕ್ಕೆ ಕಾಲೇಜ ವಿಳಾಸ, ಬ್ಯಾಂಕು ಮತ್ತು ಉದ್ಯೋಗದ ವ್ಯವಹಾರಕ್ಕೆ ಸ್ವಂತ ವಿಳಾಸ ಎಂದು ಮೊದಲೇ ವಿಂಗಡಿಸಿಕೊಳ್ಳಬೇಕು. ಸ್ವಂತ ವಿಳಾಸವನ್ನೂ ಆಗಾಗ ತೆರೆದು ನೋಡುತ್ತಿರಬೇಕು. ಎರಡು ವರ್ಷ ಬಳಸದೆ ಬಿಟ್ಟ ಖಾತೆಗಳನ್ನು ಅಳಿಸುವ ಕ್ರಮವನ್ನು ಗೂಗಲ್ ೨೦೨೩ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಕೊನೆಯ ವರ್ಷದಲ್ಲಿ ಮುಖ್ಯವಾದ ಪತ್ರಗಳ ಪ್ರತಿಯನ್ನು ಮನೆಗೆ ತಂದುಕೊಳ್ಳಬೇಕು. ಅದಕ್ಕೆಂದೇ ಗೂಗಲ್ ‘ಟೇಕ್‌ಔಟ್’ ಎಂಬ ಸೌಕರ್ಯವನ್ನು ೨೦೧೧ರಲ್ಲಿಯೇ ತೆರೆದಿದೆ. ಆದರೆ ಕಾಲೇಜಿನ ಖಾತೆಯಲ್ಲಿ ಅದನ್ನು ತೆರೆದಿಡುವುದು, ಮುಚ್ಚಿಡುವುದು ಕಾಲೇಜಿನ ಮೇಲ್ವಿಚಾರಕರ ಕೈಯಲ್ಲಿದೆ. ತೆರೆದಿಡುವುದು ಕಾಲೇಜಿನ ಧರ್ಮ.

ಪ್ರತಿ ತಂದುಕೊಳ್ಳುವುದರ ಮಹಿಮೆಯನ್ನು ಬಸವಕಲ್ಯಾಣದ ಸೀಮೆಗೆ ಬೋಧಿಸಬೇಕೇ? ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹುಟ್ಟಿದ ವಚನಗಳು ಒಂದೇ ಭಂಡಾರದಲ್ಲಿ, ಒಬ್ಬನೇ ಒಡೆಯನ ಕೀಲಿಯಡಿಯಲ್ಲಿ ಇದ್ದಿದ್ದರೆ ಅವು ನಮಗೆ ದಕ್ಕುತ್ತಿದ್ದವೋ ಇಲ್ಲವೋ. ಅವು ಊರೂರಿನ ಮಠ-ಮನೆಗಳಲ್ಲಿ, ಓಲೆಗರಿಗಳ ಕಟ್ಟುಗಳಲ್ಲಿ, ಪ್ರತಿಯ ಮೇಲೆ ಪ್ರತಿಯಾಗಿ ಉಳಿದುಕೊಂಡವು. ಬಿಜಾಪುರದ ಫ. ಗು. ಹಳಕಟ್ಟಿಯವರು ಆ ಕಟ್ಟುಗಳನ್ನು ಹುಡುಕಿ ಕಲೆಹಾಕಿ ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚು ಹಾಕಿಸಿದಾಗ, ಮನೆಯವರ ಆ ಸಣ್ಣ ಜತನಕ್ಕೆ ಫಲ ಬಂದಿತು.

ವಿದ್ಯಾರ್ಥಿನಿಯ ಕಾಗದಗಳು ವಚನಗಳಲ್ಲ, ನಿಜ. ಆದರೆ ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗಿಯೊಬ್ಬಳಿಗೆ ಬಂದ ಪ್ರಥಮ ಫಲಿತಾಂಶದ ಪತ್ರ, ಅವಳ ಮನೆಯ ಮಟ್ಟಿಗೆ ಒಂದು ಶಾಸನವೇ. ಅದು ದೂರದ ಯಂತ್ರಾಗಾರದಲ್ಲಿ ಇರಲಿ, ಬೇಡವೆನ್ನುವವರಿಲ್ಲ. ಅದರ ಒಂದು ಪ್ರತಿ ಗೋರ್ಟಾದ ಮನೆಯ ಪೆಟ್ಟಿಗೆಯಲ್ಲಿಯೂ ಇರಲಿ.